ಒಂಬತ್ತನೇ ಪುಟದಲ್ಲಿ ಹೊಡೆದುಹಾಕಿದ ಸಾಲು

ಪ್ರೀತಿಯ ತಂಗಿಗೆ,

ನಿನ್ನ ಹನ್ನೊಂದು ಪುಟ ಕೈಸೇರಿ ವಾರವಾಯಿತು. ಎರಡು ಸಲ ಓದಿದೆ. ಜೊತೆಗಿಟ್ಟಿದ್ದ ಚೀಟಿಯನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. 'ಅನ್ ಶಿಯೆನ್ ಅಂಡಾಲು' (ಅಂದರೆ 'ಆಂಡಲೂಸಿಯಾದ ನಾಯಿ') ಅನ್ನುವ, ಅರ್ಧ ಗಂಟೆಯೂ ಇಲ್ಲದ ಒಂದು ಹಳೇ ಸಿನಿಮಾ ಬಗ್ಗೆ ಬರೆಯಲು ಎರಡು ತಿಂಗಳು ಒದ್ದಾಡಿದೆ, ಇದೂ ಸರಿಬರದಿದ್ದರೆ ಬರೆಯುವುದನ್ನೇ ಬಿಡುತ್ತೇನೆ ಅಂದಿದ್ದೀಯ. ಹಾಗೆಲ್ಲ ಬಿಡಬೇಡ. ಮೊದಲು ಈ ಕಾಗದ ಪೂರ್ತಿ ಓದು.

ಪ್ಯಾರಾ ಎಲ್ಲಿ ಮುರಿಯಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂಬತ್ತನೇ ಪುಟದ ಒಂದು ಸಾಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಬರೆದು, ಮೇಲೆ ಗೀಟು ಎಳೆದು ಹೊಡೆದುಹಾಕಿದ್ದೀಯ. ದೀಪದ ಹತ್ತಿರ ಹಿಡಿದರೆ ಓದಲು ಬರುತ್ತದೆ: "ಕತ್ತಿ ಬಂದಾಗ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗಿ ನೀರು ಕುಡಿದೆ."

ಅದನ್ನು ಯಾಕೆ ಹೊಡೆದುಹಾಕಿದೆ? ಹನ್ನೊಂದು ಪುಟದಲ್ಲಿ ನೀನು ಕಾಣಿಸಿದ್ದು ಅಲ್ಲೊಂದೇ ಕಡೆ. ಉಳಿದಿದ್ದೆಲ್ಲ ಫ್ರಾಯ್ಡ್, ಸುಪ್ತಮನಸ್ಸು, ಇರುವೆ ಅಂದರೆ ಆಸೆ, ಪಿಯಾನೋ ಮೇಲಿನ ಸತ್ತ ಕತ್ತೆ ಅಂದರೆ ಕೊಳೆತ ಸಮಾಜ. ಇದನ್ನೆಲ್ಲ ಎಲ್ಲಿ ಓದಿದೆಯೋ ಅಲ್ಲೇ ಬಿಟ್ಟು ಬರಬಹುದಿತ್ತು ಅಲ್ವಾ?

ಸಿಟ್ಟಾಗಬೇಡ. ನನಗೆ ಸಿಟ್ಟು ಬಂದಿರುವುದು ನನ್ನ ಹಳೇ ತಪ್ಪನ್ನೇ ನಿನ್ನ ಅಕ್ಷರದಲ್ಲಿ ಕಂಡಿದ್ದಕ್ಕೆ.

ನಿನ್ನ ವಯಸ್ಸಿನಲ್ಲಿ ಒಂದು ಫಿಲ್ಮ್ ಸೊಸೈಟಿಯವರು ಇದೇ 'ಅನ್ ಶಿಯೆನ್ ಅಂಡಾಲು' ತೋರಿಸಿದರು. ಕಬ್ಬಿಣದ ಕುರ್ಚಿ, ಗರಗರ ಅನ್ನುವ ಪ್ರೊಜೆಕ್ಟರ್. ತೆರೆಯ ಮೇಲೆ ಮೊದಲು ಬಂದಿದ್ದು 'ಒಂದಾನೊಂದು ಕಾಲದಲ್ಲಿ' ಅನ್ನುವ ಮಾತು. ಅಜ್ಜಿ ಕಥೆ ಶುರುವಾದ ಹಾಗೆ. ನಿರಾಳವಾಗಿ ಕೂತೆ. ಒಬ್ಬ ಕ್ಷೌರದ ಕತ್ತಿ ಮಸೆಯುತ್ತಾನೆ, ಹೆಬ್ಬೆರಳ ಉಗುರಿನ ಮೇಲೆ ಹರಿತ ನೋಡುತ್ತಾನೆ, ಬಾಲ್ಕನಿಗೆ ಬಂದು ಚಂದ್ರನನ್ನು ನೋಡುತ್ತಾನೆ. ಆಮೇಲೆ ಒಂದು ಹೆಣ್ಣಿನ ಮುಖ, ಕಣ್ಣನ್ನು ಅಗಲಿಸುವ ಬೆರಳು. ಅಷ್ಟಕ್ಕೇ ನಾನು ಕಣ್ಣು ಮುಚ್ಚಿಬಿಟ್ಟೆ. ಪಕ್ಕದವರು ಉಸಿರು ಒಳಗೆ ಎಳೆದುಕೊಂಡಿದ್ದು ಕೇಳಿಸಿತು, ಅಷ್ಟೆ.

ಹೊರಗೆ ಟೀ ಅಂಗಡಿ ಮುಂದೆ ಎಲ್ಲರೂ ಅದ್ಭುತ ಅನ್ನುತ್ತಿದ್ದರು. ನಾನೂ ಅಂದೆ. ಒಂದು ಪತ್ರಿಕೆಗೆ ಲೇಖನವನ್ನೂ ಬರೆದೆ. ಕತ್ತಿ ಕಣ್ಣನ್ನು ಸೀಳುತ್ತದೆ, ಆಮೇಲೆ ಮೋಡ ಚಂದ್ರನನ್ನು ಸೀಳುತ್ತದೆ, ಎಂಥ ದೃಶ್ಯಕಾವ್ಯ ಅಂತ. ಹಿರಿಯ ಲೇಖಕರೊಬ್ಬರು ಸಭೆಯಲ್ಲಿ ನನ್ನ ಬೆನ್ನು ತಟ್ಟಿ ಆ ಸಾಲನ್ನೇ ಓದಿದರು. ಇಪ್ಪತ್ತು ವರ್ಷ ಆದ ಮೇಲೆ ಮತ್ತೆ ಚಿತ್ರ ನೋಡಿದೆ. ಮೋಡ ಮೊದಲು ಬರುತ್ತದೆ, ತಂಗಿ. ತೆಳ್ಳನೆಯ ಮೋಡ ಚಂದ್ರನ ಮೇಲೆ ಹಾದುಹೋಗುತ್ತದೆ. ಸದ್ಯ, ಕಣ್ಣಿನ ಬದಲು ಇದನ್ನು ತೋರಿಸಿದರು ಅಂತ ಸಮಾಧಾನ ಆಗುತ್ತದೆ. ಆಗ ಕಣ್ಣು ಬರುತ್ತದೆ. ಆ ದೃಶ್ಯದ ಜೀವವೇ ಆ ಸಮಾಧಾನದಲ್ಲಿದೆ. ನಾನು ಅದನ್ನೇ ತಿರುಗಾಮುರುಗಾ ಬರೆದು ಹೊಗಳಿಸಿಕೊಂಡಿದ್ದೆ. ನನ್ನ ಬೆನ್ನು ತಟ್ಟಿದ ಹಿರಿಯರು ಚಿತ್ರವನ್ನೇ ನೋಡಿರಲಿಲ್ಲ ಅಂತ ಆಮೇಲೆ ತಿಳಿಯಿತು. ಅವರ ಮೇಲಿನ ನನ್ನ ಕೋಪ ಇವತ್ತಿಗೂ ಹೋಗಿಲ್ಲ. ಆ ಹೊಗಳಿಕೆಯ ರುಚಿ ಹಿಡಿದು ಎಷ್ಟೋ ವರ್ಷ ನೋಡದ್ದನ್ನು ನೋಡಿದ ಹಾಗೆ ಬರೆದೆ. ಆ ವರ್ಷಗಳು ನನಗೆ ವಾಪಸ್ ಬರುವುದಿಲ್ಲ.

ಚಿತ್ರ ಮಾಡಿದವರಾದರೂ ಏನು ಮಾಡಿದರು ನೋಡು. ಒಂದು ತೆಳ್ಳನೆಯ ಮೋಡ ಚಂದ್ರನನ್ನು ಸೀಳಿತು, ಕತ್ತಿ ಕಣ್ಣನ್ನು ಸೀಳಿತು ಅಂತ ನಿರ್ದೇಶಕ ಬುನ್ಯುಯೆಲ್‌ಗೆ ಕನಸು ಬಿತ್ತು. ಕೈತುಂಬ ಇರುವೆ ಕಂಡ ಕನಸು ಅವನ ಗೆಳೆಯ, ಚಿತ್ರಕಾರ ಡಾಲಿಯದು. ಡಾಲಿಯ ಊರು ಫಿಗೆರಾಸ್‌ನಲ್ಲಿ ಕೂತು ಒಂದೇ ವಾರದೊಳಗೆ ಚಿತ್ರಕಥೆ ಬರೆದರು. ಇಟ್ಟುಕೊಂಡ ನಿಯಮ ಒಂದೇ: ತರ್ಕದಿಂದ ವಿವರಿಸಲು ಬರುವ ಯಾವ ಚಿತ್ರವೂ ಬೇಡ. ದುಡ್ಡು ಕೊಟ್ಟಿದ್ದು ಬುನ್ಯುಯೆಲ್‌ನ ಅಮ್ಮ. ಕತ್ತಿ ಹಿಡಿದವನು ಸ್ವತಃ ಅವನೇ. ಸೀಳಿದ್ದು ಸತ್ತ ಕರುವಿನ ಕಣ್ಣು. ಅರ್ಥ ಹೇಳಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಅರ್ಥ ಸಿಗುವುದನ್ನೆಲ್ಲ ಇಬ್ಬರು ಕೂತು ಆರಿಸಿ ತೆಗೆದಿದ್ದಾರೆ. ನೀನು ಅದನ್ನೇ ಹೆಕ್ಕಿ ತಂದು ಮತ್ತೆ ತುಂಬುತ್ತಿದ್ದೀಯ.

1929ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ. ಬುನ್ಯುಯೆಲ್ ತೆರೆಯ ಹಿಂದೆ ಗ್ರಾಮಫೋನ್ ಪಕ್ಕ ನಿಂತು, ಒಮ್ಮೆ ವ್ಯಾಗ್ನರ್, ಒಮ್ಮೆ ಅರ್ಜೆಂಟೀನಾದ ಟ್ಯಾಂಗೋ ತಟ್ಟೆ ಹಾಕುತ್ತಿದ್ದ. ಜೇಬಿನಲ್ಲಿ ಕಲ್ಲು ತುಂಬಿಕೊಂಡಿದ್ದ, ಜನ ಗಲಾಟೆ ಮಾಡಿದರೆ ಎಸೆಯಲು. ಜನ ಚಪ್ಪಾಳೆ ತಟ್ಟಿದರು. ಚಿತ್ರ ಎಂಟು ತಿಂಗಳು ಓಡಿತು. ಅವನಿಗೆ ಸಮಾಧಾನ ಆಗಲಿಲ್ಲ. ಕೊಲೆಗೆ ಕೊಟ್ಟ ಕರೆಯಂಥ ಚಿತ್ರವನ್ನು ಚಂದ, ಕಾವ್ಯ ಅಂತ ಕರೆದರಲ್ಲ ಅಂತ ಅದೇ ವರ್ಷ ಕೋಪದಿಂದ ಬರೆದ. ಈ ಮಾತು ಓದಿದಾಗಲೆಲ್ಲ ನನ್ನ 'ದೃಶ್ಯಕಾವ್ಯ' ನೆನಪಾಗಿ ಮೈ ಜುಂ ಅನ್ನುತ್ತದೆ. ಆ ಚಪ್ಪಾಳೆಯವರಿಗಿಂತ, ಎದ್ದು ಅಡುಗೆಮನೆಗೆ ಹೋದ ನೀನು ಆ ಚಿತ್ರಕ್ಕೆ ಹೆಚ್ಚು ಹತ್ತಿರ ಇದ್ದೀಯ.

ಇನ್ನೊಂದು ಸಲ ನೋಡು. ಸುಮ್ನೆ ನೋಡು, ಪೆನ್ನು ಹಿಡಿಯಬೇಡ. ಕತ್ತಿ ಮಸೆಯುವಾಗ ಅವನ ಕೊರಳಲ್ಲಿ ಟೈ ಇಲ್ಲ, ಕಣ್ಣಿನ ಹತ್ತಿರ ಬಂದಾಗ ಗೆರೆಗೆರೆ ಟೈ ಇದೆ. ನನಗೆ ಇದು ಕಂಡಿದ್ದು ಮೂರನೇ ಸಲಕ್ಕೆ. 'ಎಂಟು ವರ್ಷಗಳ ನಂತರ' ಅಂತ ಬರುತ್ತದೆ, ಯಾರಿಗೂ ಒಂದು ದಿನ ವಯಸ್ಸಾಗಿಲ್ಲ. ಹೆಸರಲ್ಲಿ ನಾಯಿ ಇದೆ, ಚಿತ್ರದಲ್ಲಿ ನಾಯಿಯೇ ಇಲ್ಲ. ಇವು ಯಾವುದೂ ನಿನ್ನ ಹನ್ನೊಂದು ಪುಟದಲ್ಲಿ ಇಲ್ಲ.

ಹೊಡೆದುಹಾಕಿದ ಆ ಸಾಲನ್ನು ಮೊದಲ ಸಾಲು ಮಾಡಿ ಬರೆದು ಕಳಿಸು. ಅಡುಗೆಮನೆಯ ದೀಪ ಹಾಕಿದೆಯಾ, ಕತ್ತಲಲ್ಲೇ ಲೋಟ ಹುಡುಕಿದೆಯಾ? ಮನೆಯಲ್ಲಿ ಯಾರಾದರೂ ಎಚ್ಚರ ಇದ್ದರಾ? ನೀರು ಕುಡಿದಾದ ಮೇಲೆ ನೀನು ಮಲಗಲು ಹೋಗಲಿಲ್ಲ. ವಾಪಸ್ ಬಂದು ಲ್ಯಾಪ್‌ಟಾಪ್ ತೆರೆದೆ. ಯಾಕೆ ತೆರೆದೆ ಅಂತ ನೀನು ಎಲ್ಲೂ ಹೇಳಿಲ್ಲ. ಅದನ್ನು ಓದಬೇಕು ಅಂತ ನನಗೆ ತುಂಬ ಆಸೆ.

ನಿನ್ನ ಅಣ್ಣ