ಮಿಡಿ ಬರುವ ಮೊದಲೇ ಆಗಬೇಕಾದ ಕೆಲಸ

ಚಿ. ಸೌ. ಪುಟ್ಟಿಗೆ ಸಾಗರದಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಸಂತೋಷವಾಯಿತು. ಆದರೆ ಲೈಸೆನ್ಸಿನ ಕೆಲಸ ಪೂರ್ತಿ ಏಜೆಂಟರಿಗೆ ಒಪ್ಪಿಸಿದ್ದೀ ಅಂದಾಗ ಎದೆ ಧಸಕ್ಕೆಂದಿತು. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಮ್ಮ’ ಅಂದು ಮುಗಿಸಿಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ಹಾಗೇ ಮಾಡಿದ್ದೆ. ತಿಂಡಿ ತಿನಿಸು ತಯಾರಿಸಿ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ಆಗ ಸರ್ಕಾರದ ಶುಲ್ಕ ವರ್ಷಕ್ಕೆ 100 ರೂಪಾಯಿ. ಏಜೆಂಟ್ ಇಸಕೊಂಡದ್ದು ಮೂರು ಸಾವಿರ. ದುಡ್ಡು ಹೋಗಲಿ ಬಿಡು. ಅರ್ಜಿಯಲ್ಲಿ ಅವನು ಹಾಕಿದ್ದು ತನ್ನದೇ ಮೊಬೈಲ್ ನಂಬರು, ತನ್ನದೇ ಇಮೇಲು. ಒಟಿಪಿ ಅವನಿಗೆ, ಪಾಸ್‌ವರ್ಡ್ ಅವನ ಹತ್ತಿರ, ಅವಧಿ ಮುಗಿಯುತ್ತದೆ ಎನ್ನುವ ಸಂದೇಶವೂ ಅವನಿಗೇ. ಅಷ್ಟರಲ್ಲಿ ಅವನು ಊರು ಬಿಟ್ಟಿದ್ದ. ನವರಾತ್ರಿಯ ಹೊತ್ತಿಗೆ ಶಿವಮೊಗ್ಗದ ಅಂಗಡಿಯೊಂದಕ್ಕೆ ನಲವತ್ತು ಬಾಟಲಿ ಕೊಂಡೊಯ್ದೆ. ಅಂಗಡಿಯ ಹುಡುಗ ಬಾಟಲಿ ತಿರುಗಿಸಿ, ಮೇಲಿನ ಹದಿನಾಲ್ಕು ಅಂಕಿಯ ನಂಬರನ್ನು ಮೊಬೈಲಿಗೆ ಒತ್ತಿ, ‘ಅಮ್ಮಾ, ಇದರ ಅವಧಿ ಮುಗಿದು ಮೂರು ತಿಂಗಳಾಯ್ತಲ್ಲ’ ಅಂದ. ನಲವತ್ತನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸ್ ಬಂದೆ. ಹೊಸ ನೋಂದಣಿ ಅಂದರೆ ಹೊಸ ನಂಬರು. ಅಚ್ಚು ಹಾಕಿಸಿದ್ದ ಎರಡು ಸಾವಿರ ಲೇಬಲ್ ಬಚ್ಚಲೊಲೆಗೆ ಹೋಯಿತು.

ಅದಕ್ಕೇ, ಅರ್ಜಿ ನೀನೇ ಹಾಕು. ಫೋಸ್ಕೋಸ್ ಅಂತ ಅವರದೇ ಜಾಲತಾಣವಿದೆ. ಕಷ್ಟವಾದರೆ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೋ, ಸಂಬಳ ಕೊಡು, ತಪ್ಪಿಲ್ಲ. ಮೊಬೈಲ್ ನಂಬರು ಮಾತ್ರ ನಿನ್ನದಿರಲಿ. ‘ಯಾವ ಬಗೆಯ ವ್ಯವಹಾರ’ ಅಂತ ಕೇಳುವಲ್ಲಿ ನೋಡಿ ಒತ್ತು. ನೀನು ಬರೀ ಮಾರುವವಳಲ್ಲ, ತಯಾರಿಸುವವಳು. ವಿಳಾಸವೂ ಭರಣಿ ಇಡುವ ಜಾಗದ್ದೇ ಆಗಬೇಕು. ಶಿರಸಿಯಲ್ಲಿರುವ ಅಂಗಡಿಯ ವಿಳಾಸ ಕೊಟ್ಟು ಹಳ್ಳಿಯಲ್ಲಿ ಮಿಡಿ ಹಾಕಿದರೆ ಅಧಿಕಾರಿ ಬಂದ ದಿನ ಏನು ತೋರಿಸುತ್ತೀ?

ಪಂಚಾಯ್ತಿ ಪರವಾನಗಿ ಬೇರೆ, ಈ ಎಫ್‌ಎಸ್‌ಎಸ್‌ಎಐ ನೋಂದಣಿ ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಮನೆ ನಿನ್ನ ಮಾವನವರ ಹೆಸರಿನಲ್ಲಿದೆಯಲ್ಲ, ಅವರಿಂದ ಒಪ್ಪಿಗೆ ಪತ್ರ ಬರೆಸಿಕೋ. ಮನೆಯವರ ಹತ್ತಿರ ಕಾಗದ ಕೇಳುವುದು ಮುಜುಗರ ಅಂತ ಹಿಂಜರಿಯಬೇಡ, ಊಟವಾದ ಮೇಲೆ ಎಲೆ ಅಡಿಕೆ ಹಾಕುವಾಗ ಕೇಳು, ಇಲ್ಲ ಅನ್ನುವವರಲ್ಲ ಅವರು. ಪಂಚಾಯ್ತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಹತ್ತಿರ ಪರವಾನಗಿಯ ಅರ್ಜಿ ಕೊಟ್ಟು ಬರಿಗೈಲಿ ಬರಬೇಡ, ಸ್ವೀಕೃತಿ ಇಸಕೋ. ಹೇಳಿದ ದಿನದೊಳಗೆ ಕೆಲಸ ಮಾಡಿಕೊಡಬೇಕೆನ್ನುವ ರಾಜ್ಯದ ‘ಸಕಾಲ’ ಯೋಜನೆಗೆ ಸೇರಿದ ಸೇವೆಯಾದರೆ ಅದರ ಹದಿನೈದು ಅಂಕಿಯ ಸಂಖ್ಯೆ ಕೇಳು. ತಡಕ್ಕೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಪರಿಹಾರವಂತೆ. ಆ ದುಡ್ಡಿನಿಂದ ನಮಗೇನೂ ಆಗಬೇಕಾದ್ದಿಲ್ಲ, ಆದರೆ ಸಂಖ್ಯೆ ಇದ್ದರೆ ‘ನಾಳೆ ಬಾ’ ಅನ್ನುವವರು ಒಂದು ಸಲ ಯೋಚಿಸುತ್ತಾರೆ.

ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುವ ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿಗೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳಿದವನ ಜಾಲತಾಣವನ್ನು ಮುಚ್ಚಿಬಿಡು. ಜಿಎಸ್‌ಟಿ ಬಗ್ಗೆ ನಿನ್ನ ಭಾವನನ್ನು ಕೇಳು, ನನಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಎಫ್‌ಎಸ್‌ಎಸ್‌ಎಐ ನಂಬರು ಕೈಗೆ ಬರುವವರೆಗೆ ಲೇಬಲ್ ಅಚ್ಚಿಗೆ ಕೊಡಬೇಡ. ಬಾಟಲಿಯ ಮೇಲೆ ನಿನ್ನ ಹೆಸರು, ವಿಳಾಸ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಬೆಲೆ, ದೂರಿಗೆ ಫೋನ್ ನಂಬರು, ನಿವ್ವಳ ತೂಕ ಎಲ್ಲ ಇರಬೇಕು. ನಿವ್ವಳ ಅಂದರೆ ಬಾಟಲಿ ಬಿಟ್ಟು, ಮಿಡಿ ಮತ್ತು ಹೊರಡಿ (ಅರೆದ ಮಸಾಲೆ) ಮಾತ್ರ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರ ಮುದ್ರೆ ಬೇಕು.

ಹಿತ್ತಲಿನ ಅಪ್ಪೆಮರ ಆಗಲೇ ಹೂ ಬಿಟ್ಟಿದೆ, ಜೇನು ಗುಂಯ್‌ಗುಡುತ್ತಿದೆ. ಮಿಡಿ ಸಿಗುವುದು ಕೆಲವೇ ವಾರ. ಗೊರಟು ಬಲಿತರೆ ಮುಗಿಯಿತು. ಮರದಿಂದ ಇಳಿಸಿ ಉಪ್ಪಿಗೆ ಹಾಕಿದ ಮಿಡಿ ನಿನ್ನ ಲೈಸೆನ್ಸಿಗೆ ಕಾಯುತ್ತದೆ, ನಿಜ. ಬ್ಯಾಂಕಿನ ಬಡ್ಡಿ ಕಾಯುವುದಿಲ್ಲ. ಆದ್ದರಿಂದ ಈ ವಾರವೇ ಅರ್ಜಿ ಹಾಕು.

ಏಜೆಂಟರಿಗೆ ಆಗಲೇ ದುಡ್ಡು ಕೊಟ್ಟಿದ್ದರೆ ಜಗಳ ಬೇಡ. ಅರ್ಜಿಯಲ್ಲಿ ಯಾವ ನಂಬರು ಹಾಕಿದ್ದಾನೆ ಅಂತ ಮೊದಲು ತೋರಿಸಿಕೋ, ಅದರ ಫೋಟೋ ನನಗೆ ವಾಟ್ಸಾಪ್ ಮಾಡು. ಅಟ್ಟದ ಮೇಲೆ ನನ್ನ ಹಳೇ ಎಲೆಕ್ಟ್ರಾನಿಕ್ ತಕ್ಕಡಿಯೂ ಎರಡು ದೊಡ್ಡ ಭರಣಿಯೂ ಇವೆ. ಶಿವರಾತ್ರಿಗೆ ಬಂದಾಗ ತೆಗೆದುಕೊಂಡು ಹೋಗು. ತಕ್ಕಡಿಯ ಮುದ್ರೆ ಹಳೆಯದು, ಹೊಸದಾಗಿ ಹಾಕಿಸಿಕೋ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ