ನಿಯಮದ ಸಂದಿನಲ್ಲಿ ಸಿಕ್ಕ ಗೆಲುವು

ಪುಟ್ಟಿ,

ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು ತಾನೇ? ನೀವು ಆಡಿದ ಎಲೆಯಾಟದಲ್ಲಿ (ಕಾರ್ಡ್ ಆಟದಲ್ಲಿ) ಎದುರಿನವರು ಇಳಿಸಿದ ಎಲೆಯನ್ನು ಹೊಡೆದರಷ್ಟೇ ಅಂಕ. ಆಟದ ಸಮಯ ಮುಗಿದಾಗ ಯಾರ ಅಂಕ ಹೆಚ್ಚೋ ಅವರು ಗೆದ್ದ ಹಾಗೆ. ಎಲೆ ಇಳಿಸುವುದು ಬೇಡವೆಂದರೆ ‘ಪಾಸ್’ ಅನ್ನಬಹುದು ಎಂದು ನಿಯಮದ ಹಾಳೆಯಲ್ಲಿದೆ, ಎಷ್ಟು ಸಲ ಎಂದಿಲ್ಲ. ನಿನ್ನ ಗೆಳತಿ ಅಂಕದಲ್ಲಿ ಮುಂದೆ ಬಂದದ್ದೇ ತಡ, ಎಲೆಗಳನ್ನು ಬೋರಲು ಹಾಕಿ, ಗಡಿಯಾರ ನೋಡುತ್ತಾ ಕೊನೆಯವರೆಗೂ ಪಾಸ್, ಪಾಸ್ ಎಂದಳು. ಸೋತವಳು ‘ಮೋಸ’ ಅಂತ ಎದ್ದು ಹೋದಳು. ಗೆದ್ದವಳು ‘ಹಾಳೆಯಲ್ಲಿ ಎಲ್ಲಿದೆ ತೋರಿಸು’ ಅಂದಳು. ತೀರ್ಪು ನಿನ್ನ ತಲೆಗೆ ಬಂತು.

ಆ ಗೆಲುವನ್ನು ಕಿತ್ತುಕೊಳ್ಳಬೇಡ. ಆಟ ಮುಗಿದ ಮೇಲೆ ಹುಟ್ಟಿದ ನಿಯಮದಿಂದ ಯಾರನ್ನೂ ಸೋಲಿಸಬಾರದು. ಹಾಗಂತ ಮುಂದಿನ ಆಟವನ್ನು ಇದೇ ಹಾಳೆ ಇಟ್ಟುಕೊಂಡು ಆಡಿಸಲೂ ಬೇಡ.

ಅಮೆರಿಕದ ಎನ್‌ಬಿಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಇದೇ ಜಗಳ ನಡೆದಿದೆ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ಎದುರು ಆಡಿತು. ಲೇಕರ್ಸ್ ಕಡೆ ಜಾರ್ಜ್ ಮೈಕನ್ ಎಂಬ ಎತ್ತರದ ಆಟಗಾರ. ಅವನ ಕೈಗೆ ಚೆಂಡು ಹೋದರೆ ಕಷ್ಟ ಎಂದು ಪಿಸ್ಟನ್ಸ್‌ನವರು ಚೆಂಡನ್ನು ಹಿಡಿದುಕೊಂಡೇ ನಿಂತುಬಿಟ್ಟರು. ಇಷ್ಟು ಹೊತ್ತಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎಂಬ ನಿಯಮ ಆಗ ಇರಲಿಲ್ಲ. ಪ್ರೇಕ್ಷಕರು ಕೂಗಾಡಿದರು. ಪಂದ್ಯದ ಕೊನೆಯ ಕಾಲುಭಾಗದಲ್ಲಿ ಎರಡೂ ತಂಡ ಸೇರಿ ಬಂದದ್ದು ನಾಲ್ಕೇ ಅಂಕ! ಪಿಸ್ಟನ್ಸ್ 19-18ರಿಂದ ಗೆದ್ದಿತು. ಆ ಫಲಿತಾಂಶ ಇಂದಿಗೂ ದಾಖಲೆಯಲ್ಲಿ ಹಾಗೇ ಇದೆ.

ಬದಲಾದದ್ದು ನಿಯಮ, ಅದೂ 1954ರಲ್ಲಿ. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಹಾಕಿದ ಲೆಕ್ಕ ನನಗೆ ಬಹಳ ಇಷ್ಟ. ಸೊಗಸಾಗಿ ನಡೆದ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ ಎಂಬುದನ್ನು ಅವನು ಗಮನಿಸಿದ್ದ. 48 ನಿಮಿಷ ಅಂದರೆ 2880 ಸೆಕೆಂಡು. 120ರಿಂದ ಭಾಗಿಸಿದರೆ 24. ಚೆಂಡು ಸಿಕ್ಕ 24 ಸೆಕೆಂಡಿನೊಳಗೆ ಎಸೆಯಬೇಕು, ಅಷ್ಟೇ. ಕೆಟ್ಟ ಆಟವನ್ನು ಬೈಯುತ್ತಾ ಕೂರದೆ, ಒಳ್ಳೆಯ ಆಟ ಹೇಗಿರುತ್ತದೆ ಎಂದು ನೋಡಿ ಅದರಿಂದಲೇ ನಿಯಮ ತೆಗೆದ, ನೋಡು.

ಎಲ್ಲ ಸಂದುಗಳಿಗೂ ಇದೇ ಉತ್ತರ ಅನ್ನಲಾರೆ. 1979ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಕ್ರಿಕೆಟ್ ತಂಡ ಒಂದೇ ಓವರ್ ಆಡಿ, ಒಂದು ರನ್ನಿಗೆ ಡಿಕ್ಲೇರ್ ಮಾಡಿತು, ಅಂದರೆ ತನ್ನ ಬ್ಯಾಟಿಂಗನ್ನು ತಾನೇ ನಿಲ್ಲಿಸಿತು. ಸೋತರೂ ಲೆಕ್ಕಾಚಾರದಲ್ಲಿ ಮುಂದಿನ ಸುತ್ತಿಗೆ ಹೋಗುವ ಉಪಾಯ. ನಿಯಮದಲ್ಲಿ ಅಡ್ಡಿಯಿರಲಿಲ್ಲ, ಆದರೂ ಕ್ರಿಕೆಟ್ ಮಂಡಳಿ ಅವರನ್ನು ಟೂರ್ನಿಯಿಂದಲೇ ಹೊರಹಾಕಿತು. ಅಲ್ಲಿ ಆಟವೇ ನಡೆಯಲಿಲ್ಲ. ಪೆಟ್ಟು ಬಿದ್ದದ್ದು ಮೈದಾನದಲ್ಲೇ ಇಲ್ಲದ ಬೇರೆ ತಂಡಗಳಿಗೆ. ನಿನ್ನ ಗೆಳತಿ ಎದುರಿಗೆ ಕೂತವಳ ಜೊತೆ ಆಡಿದಳು, ಅಂಕವನ್ನೂ ಆಡಿಯೇ ಗಳಿಸಿದ್ದಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಇನ್ನು ಹೊಸ ನಿಯಮ. ‘ಆಟದ ಆಶಯಕ್ಕೆ ತಕ್ಕಂತೆ ಆಡಬೇಕು’ ಅಂತೆಲ್ಲ ಬರೆದರೆ ಮುಂದಿನ ಸಲ ಆಶಯದ ಮೇಲೇ ಜಗಳ. ಕಣ್ಣಿಗೆ ಕಾಣುವ, ಬೆರಳಲ್ಲಿ ಎಣಿಸಬಹುದಾದ ನಿಯಮ ಬೇಕು: ಸತತ ಎರಡು ಸಲ ಪಾಸ್ ಅಂದವರು ಮೂರನೆಯ ಸರದಿಯಲ್ಲಿ ಎಲೆ ಇಳಿಸಲೇಬೇಕು. ಇಳಿಸಲು ಬರುವ ಎಲೆ ನಿಜವಾಗಿ ಇಲ್ಲದವರು ಕೈ ಬಿಚ್ಚಿ ತೋರಿಸಲಿ. ಇದನ್ನು ಬರೆಯಲು ಗೆದ್ದವಳಿಗೇ ಹೇಳು. ಸಂದು ಎಲ್ಲಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಬರೆದದ್ದನ್ನು ಸೋತವಳು ಓದಿ ಒಪ್ಪಲಿ. ಆಮೇಲೆ ಲೆಕ್ಕಕ್ಕಿಲ್ಲದ ಒಂದು ಆಟ ಆಡಿಸಿ, ಹೊಸ ಸಂದು ಹುಡುಕಲು ಇಬ್ಬರನ್ನೂ ಬಿಡು.

ಮೊದಲು ಎದ್ದು ಹೋದವಳ ಹತ್ತಿರ ಹೋಗು. ಅವಳ ಸಿಟ್ಟಿನಲ್ಲಿ ನ್ಯಾಯವಿದೆ ಅಂತ ನೀನು ಬಾಯಿಬಿಟ್ಟು ಹೇಳಬೇಕು, ಫಲಿತಾಂಶ ಬದಲಾಗುವುದಿಲ್ಲ ಎಂಬುದನ್ನೂ ಆಗಲೇ ಹೇಳಿಬಿಡು.

ನಿನ್ನ ಅಮ್ಮ