ವಾಸಿವಿಯೇರ್ ದಂಡೆಯ ಆ ಪುಣ್ಯಾತ್ಮರಿಗೆ

ಫ್ರಾನ್ಸಿನ ಲಿಮೂಸಾಂ ಸೀಮೆಯ ವಾಸಿವಿಯೇರ್ ಸರೋವರದ ದಂಡೆಯಲ್ಲಿ ನಮ್ಮ ಗ್ರಾವೆಲ್ (ಜಲ್ಲಿ ದಾರಿಯ) ಸೈಕಲ್ಲಿನ ಟೈರ್ ಉಳಿಸಿಕೊಟ್ಟು, ಹೆಸರೂ ಹೇಳದೆ ಹೊರಟ ಹಿರಿಯರೇ, ನಿಮಗೆ ಅನಂತ ವಂದನೆ.

ಅಲ್ಲಿನದು ಗ್ರಾನೈಟ್ ಕಲ್ಲು. ಅದರ ಚೂಪು ಅಂಚು 40 ಮಿ.ಮೀ. ಟ್ಯೂಬ್‌ಲೆಸ್ ಟೈರಿನ ಪಕ್ಕೆಯನ್ನೇ ಸೀಳಿತ್ತು. ಪಕ್ಕೆ ತೆಳು, ಉರುಳುವಾಗ ಬಾಗುತ್ತಲೇ ಇರುತ್ತದೆ. ಅಲ್ಲಿ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ನಿಲ್ಲದು, ಸೀಲೆಂಟ್ (ತೂತು ಮುಚ್ಚಲೆಂದು ಟೈರಿನೊಳಗೆ ಹಾಕುವ ದ್ರವ) ಬರೀ ಹೊರಚಿಮ್ಮುತ್ತದೆ. ಒಳಗೆ ಟ್ಯೂಬ್ ಹಾಕಲೆಂದು ನೀವು ವಾಲ್ವ್ ಬಿಚ್ಚಿ, ಟೈರಿನ ಒಳಗೆಲ್ಲ ಬೆರಳಾಡಿಸಿ ಮೂರು ಮುಳ್ಳು ಕಿತ್ತಿರಿ. ಸೀಲೆಂಟ್ ಮುಚ್ಚಿಟ್ಟ ಹಳೇ ಮುಳ್ಳುಗಳೇ ಹೊಸ ಟ್ಯೂಬಿಗೆ ಯಮ! ಸೀಳಿಗೆ ಒಳಗಿನಿಂದ, ಮೂಲೆ ಗುಂಡಗೆ ಕತ್ತರಿಸಿದ ಖಾಲಿ ಟೂತ್‌ಪೇಸ್ಟ್ ಟ್ಯೂಬಿನ ತುಂಡು. ಆಮೇಲೆ ಟ್ಯೂಬು, ಗಾಳಿಯ ಒತ್ತಡ 2.5 ಬಾರ್. ಹೆಚ್ಚು ಹೊಡೆದರೆ ಸೀಳು ಉಬ್ಬುತ್ತದೆ, ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ತೂತಾಗುತ್ತದೆ.

ಆ ತುಂಡು ಈಗ ನಮ್ಮ ಸೀಟಿನ ಚೀಲದಲ್ಲಿದೆ.